ಎಐ ಹೇಳಿಕೊಟ್ಟಾಗ ಎಲ್ಲಾ ಅರ್ಥ ಆಗುತ್ತೆ, ಟೆಸ್ಟಿನಲ್ಲಿ ಮಾತ್ರ ಕೈ ಓಡುವುದಿಲ್ಲ. ಯಾಕೆ?

ನೀಲಿಶಾಯಿ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳದೆ ಓದಿ. ನಾನು ಡಿಗ್ರಿ ಮೊದಲ ವರ್ಷದಲ್ಲಿದ್ದೇನೆ. ಗಣಿತ ನನ್ನ ಮುಖ್ಯ ವಿಷಯ, ಇಷ್ಟಪಟ್ಟೇ ತೆಗೆದುಕೊಂಡಿದ್ದು.

ಕಳೆದ ಏಳೆಂಟು ತಿಂಗಳಲ್ಲಿ ನಾನು ಓದುವ ರೀತಿಯೇ ಬದಲಾಗಿಬಿಟ್ಟಿದೆ. ಮೊದಲು ಒಂದು ಲೆಕ್ಕ ಬರಲಿಲ್ಲ ಅಂದರೆ ಪುಸ್ತಕದ ಕೊನೆಯಲ್ಲಿ ಉತ್ತರ ನೋಡುತ್ತಿದ್ದೆ. ಅಲ್ಲಿ ಬರೀ ಉತ್ತರ ಇರುತ್ತಿತ್ತು, ದಾರಿ ಇರುತ್ತಿರಲಿಲ್ಲ. ಅರ್ಧ ಗಂಟೆ ತಿಣುಕಾಡಿ, ಯೂಟ್ಯೂಬಿನಲ್ಲಿ ಅದೇ ತರಹದ ಲೆಕ್ಕ ಹುಡುಕಿ, ಅಲ್ಲೂ ಸಿಗದೇ ಇದ್ದರೆ ಮಾರನೇ ದಿನ ಕ್ಲಾಸಿನಲ್ಲಿ ಯಾರನ್ನಾದರೂ ಹಿಡಿದು ಕೇಳುತ್ತಿದ್ದೆ. ಈಗ ಲೆಕ್ಕದ ಫೋಟೋ ತೆಗೆದು ಎಐಗೆ ಹಾಕಿದರೆ ಸಾಕು, ಕೆಲವೇ ಸೆಕೆಂಡಿನಲ್ಲಿ ಒಂದೊಂದು ಹೆಜ್ಜೆಯನ್ನೂ ಬಿಡಿಸಿ ಬರೆದುಕೊಡುತ್ತದೆ. ಅರ್ಥ ಆಗದಿದ್ದರೆ 'ಇನ್ನೂ ಸುಲಭವಾಗಿ ಹೇಳು' ಅಂದರೆ ಹಾಗೂ ಹೇಳುತ್ತದೆ. ನಾನು ಕಾಪಿ ಹೊಡೆಯುವವಳಲ್ಲ. ಪ್ರತಿ ಸಾಲನ್ನೂ ಓದುತ್ತೇನೆ, ನೋಟ್ಸಿನಲ್ಲಿ ನೀಟಾಗಿ ಬರೆದುಕೊಳ್ಳುತ್ತೇನೆ, ಅರ್ಥ ಆದ ಮೇಲೇ ಮುಂದಿನದಕ್ಕೆ ಹೋಗುತ್ತೇನೆ.

ಕಳೆದ ವಾರ ಟೆಸ್ಟ್ ಇತ್ತು. ಎರಡನೇ ಪ್ರಶ್ನೆ, ಎಕ್ಸ್ ಇಂಟು ಲಾಗ್ ಎಕ್ಸ್ ಅನ್ನು ಇಂಟಿಗ್ರೇಟ್ ಮಾಡಿ ಅಂತ. ಇದು ಇಂಟಿಗ್ರೇಶನ್ ಬೈ ಪಾರ್ಟ್ಸ್, ಅಂದರೆ ಎರಡರ ಗುಣಲಬ್ಧವನ್ನು ಇಂಟಿಗ್ರೇಟ್ ಮಾಡುವ ವಿಧಾನ, ಅಂತ ನೋಡಿದ ತಕ್ಷಣ ಗೊತ್ತಾಯಿತು. ಎರಡರಲ್ಲಿ ಒಂದನ್ನು 'ಯು' ಅಂತ ಇಟ್ಟುಕೊಳ್ಳಬೇಕು, ಇನ್ನೊಂದನ್ನು ಇಂಟಿಗ್ರೇಟ್ ಮಾಡಬೇಕು. ನಾನು ಮನೆಯಲ್ಲಿ ನೋಡಿದ್ದು ಎಕ್ಸ್ ಕಾಸ್ ಎಕ್ಸ್, ಎಕ್ಸ್ ಸೈನ್ ಎಕ್ಸ್, ಎಕ್ಸ್ ಇಂಟು ಇ ಪವರ್ ಎಕ್ಸ್. ಎಲ್ಲದರಲ್ಲೂ ಎಕ್ಸ್ ಅನ್ನೇ ಯು ತೆಗೆದುಕೊಂಡಿದ್ದರು. ನಾನೂ ಹಾಗೇ ಮಾಡಿದೆ. ಈಗ ಲಾಗ್ ಎಕ್ಸ್ ಅನ್ನು ಇಂಟಿಗ್ರೇಟ್ ಮಾಡಬೇಕಾಯಿತು. ಹೇಗೋ ನೆನಪು ಮಾಡಿಕೊಂಡು ಎಕ್ಸ್ ಲಾಗ್ ಎಕ್ಸ್ ಮೈನಸ್ ಎಕ್ಸ್ ಅಂತ ಬರೆದೆ. ಮುಂದಿನ ಸಾಲು ಬರೆದಾಗ ಬಲಗಡೆ ಮತ್ತೆ ಅದೇ ಎಕ್ಸ್ ಲಾಗ್ ಎಕ್ಸ್ ಬಂದು ಕೂತಿತು. ಗಾಬರಿಯಾಗಿ ಅಷ್ಟನ್ನೂ ಅಡ್ಡಗೆರೆ ಎಳೆದು ಹೊಡೆದು ಹಾಕಿದೆ. ಕಾಲು ಗಂಟೆ ಹೋಯಿತು. ಆಮೇಲೆ ಉಳಿದ ಲೆಕ್ಕಗಳಿಗೂ ಕೈ ನಡುಗಿತು.

ಮನೆಗೆ ಬಂದು ಎಐ ಜೊತೆಗಿನ ಹಳೆಯ ಚಾಟ್ ಮೇಲಕ್ಕೆ ಸರಿಸುತ್ತಾ ಹೋದೆ. ಎರಡು ವಾರದ ಹಿಂದೆ ಎಕ್ಸ್ ಸ್ಕ್ವೇರ್ ಲಾಗ್ ಎಕ್ಸ್ ಅಂತ ಹೆಚ್ಚುಕಡಿಮೆ ಇದೇ ಲೆಕ್ಕ ಕೇಳಿದ್ದೇನೆ! ಅದು ಲಾಗ್ ಅನ್ನು ಯು ತೆಗೆದುಕೊಂಡು ಐದು ಸಾಲಲ್ಲಿ ಮುಗಿಸಿದೆ. ಕೆಳಗೆ ನಾನೇ 'ಥ್ಯಾಂಕ್ಸ್, ಚೆನ್ನಾಗಿ ಅರ್ಥ ಆಯ್ತು' ಅಂತ ಬರೆದಿದ್ದೇನೆ. ಅದನ್ನು ನೋಡಿ ತುಂಬಾ ಬೇಜಾರಾಯಿತು. ಅವತ್ತು ಅರ್ಥ ಆಗಿದ್ದು ನಿಜ. ಹಾಗಾದರೆ ಅದು ಎಲ್ಲಿ ಹೋಯಿತು?

ನನ್ನ ಪ್ರಶ್ನೆ ಇಷ್ಟೇ. ಎಐ ಪೂರ್ತಿ ಬಿಟ್ಟುಬಿಡಬೇಕಾ? ಅಥವಾ ನಾನು ಬಳಸುವ ರೀತಿಯಲ್ಲಿ ಏನಾದರೂ ತಪ್ಪಿದೆಯಾ? ನನ್ನ ಜೊತೆಯವರೆಲ್ಲ ಬಳಸುತ್ತಾರೆ. ಅವರ ಅಸೈನ್‌ಮೆಂಟಿಗೆ ಒಳ್ಳೆಯ ಮಾರ್ಕ್ಸೇ ಬರುತ್ತಿದೆ, ನನಗೂ ಬರುತ್ತಿದೆ. ಟೆಸ್ಟಿನಲ್ಲಿ ಮಾತ್ರ ಹೀಗೆ.

ಹಳೇ ಚಾಕ್‌ಪೀಸು:

ಮೊದಲು ಒಂದು ಸಂತೋಷದ ವಿಷಯ ಹೇಳಿಬಿಡುತ್ತೇನೆ. ನೀವು ಅಡ್ಡಗೆರೆ ಎಳೆದು ಹೊಡೆದು ಹಾಕಿದ ದಾರಿ ತಪ್ಪು ದಾರಿ ಅಲ್ಲಮ್ಮ. ಬಲಗಡೆ ಮತ್ತೆ ಅದೇ ಇಂಟಿಗ್ರಲ್ ಬಂತು ಅಂದಿರಲ್ಲ, ಅದರ ಮುಂದೆ ಯಾವ ಗುರುತು ಇತ್ತು? ಮೈನಸ್. ಹಾಗಾದರೆ ಅದನ್ನು ಎಡಗಡೆಗೆ ತನ್ನಿ. ಎರಡು ಪಟ್ಟು ಆಗುತ್ತದೆ. ಎರಡರಿಂದ ಭಾಗಿಸಿ. ಎಕ್ಸ್ ಸ್ಕ್ವೇರ್ ಬೈ 2 ಇಂಟು ಲಾಗ್ ಎಕ್ಸ್, ಮೈನಸ್ ಎಕ್ಸ್ ಸ್ಕ್ವೇರ್ ಬೈ 4. ಉತ್ತರ ಬಂತಲ್ಲ. ಇನ್ನು ಎರಡೇ ಸಾಲು ಬಾಕಿ ಇತ್ತು.

ನಾನು ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಗಣಿತ ಪಾಠ ಮಾಡಿದ್ದೇನೆ. ನಿಮ್ಮ ಪೋಸ್ಟ್ ಓದಿ ನನಗೆ ಅನಿಸಿದ್ದು, ನಿಮಗೆ ಲೆಕ್ಕ ಬರುವುದಿಲ್ಲ ಅಂತಲ್ಲ. ಅರ್ಧಕ್ಕೆ ನಿಂತ ಲೆಕ್ಕದ ಜೊತೆ ಕೂತು ಅಭ್ಯಾಸ ಇಲ್ಲ. ಎಐ ಯಾವಾಗಲೂ ನಿಮಗೆ ತೋರಿಸಿದ್ದು ಹತ್ತಿರದ ದಾರಿ. ಸುತ್ತಿ ಹೋಗುವ ದಾರಿ ಹೇಗಿರುತ್ತೆ, ದಾರಿ ಮುಚ್ಚಿದ ಹಾಗೆ ಕಂಡರೆ ಏನು ಮಾಡಬೇಕು, ಇದನ್ನು ನೀವು ನೋಡಿಯೇ ಇಲ್ಲ. ಇನ್ನೊಂದು ವಿಷಯ. ಈ ಲೆಕ್ಕದಲ್ಲಿ ಕಷ್ಟದ ಜಾಗ ಒಂದೇ, ಯು ಯಾವುದು ಅಂತ ಆರಿಸುವುದು. ಉಳಿದಿದ್ದೆಲ್ಲ ಕೂಡಿಸಿ ಕಳೆಯುವ ಕೆಲಸ. ಆ ಒಂದು ಜಾಗವನ್ನು ಪ್ರತಿ ಸಲವೂ ಎಐ ನಿಮ್ಮ ಬದಲಿಗೆ ದಾಟಿಬಿಟ್ಟಿದೆ. ನೀವು ಓದಿದ್ದು ದಾಟಿದ ಮೇಲಿನ ಕಥೆ. ಅದು ಖಂಡಿತ ಅರ್ಥ ಆಗುತ್ತದೆ, ಯಾಕೆಂದರೆ ಅದರಲ್ಲಿ ಕಷ್ಟ ಏನೂ ಉಳಿದಿಲ್ಲ.

ಓದಿ ಅರ್ಥ ಮಾಡಿಕೊಳ್ಳುವುದಕ್ಕೂ ತಲೆಯಿಂದ ಹೊರಗೆ ತೆಗೆಯುವುದಕ್ಕೂ ಇರುವ ವ್ಯತ್ಯಾಸ ಎಐ ಬರುವ ಮೊದಲೇ ಗೊತ್ತಿದ್ದ ವಿಷಯ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ಒಂದು ಸಣ್ಣ ಬರಹ ಕೊಟ್ಟರು. ಒಂದು ಗುಂಪು ಅದನ್ನು ನಾಲ್ಕು ಸಲ ಓದಿತು. ಇನ್ನೊಂದು ಗುಂಪು ಒಂದು ಸಲ ಓದಿ, ಆಮೇಲೆ ಮೂರು ಸಲ ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷ ಬಿಟ್ಟು ಪರೀಕ್ಷೆ ಮಾಡಿದಾಗ ನಾಲ್ಕು ಸಲ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಮಾಡಿದಾಗ ಓದಿದವರಿಗೆ ಉಳಿದಿದ್ದು ಸುಮಾರು ಶೇ. 40, ನೋಡದೆ ಬರೆದವರಿಗೆ ಶೇ. 61. ನಿಮ್ಮ 'ಥ್ಯಾಂಕ್ಸ್, ಅರ್ಥ ಆಯ್ತು' ಆ ಐದನೇ ನಿಮಿಷದ್ದು. ಟೆಸ್ಟ್ ಬಂದಿದ್ದು ಎರಡು ವಾರ ಬಿಟ್ಟು.

ಎಐ ವಿಷಯಕ್ಕೇ ಬಂದರೆ, ಟರ್ಕಿಯ ಒಂದು ಹೈಸ್ಕೂಲಿನಲ್ಲಿ ಸುಮಾರು ಸಾವಿರ ಮಕ್ಕಳ ಮೇಲೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಮಾಡಿದ ಪ್ರಯೋಗ ಇದೆ, 2025ರಲ್ಲಿ ಪ್ರಕಟವಾಯಿತು. ಅದೂ ಗಣಿತವೇ. ಕೆಲವರಿಗೆ ಸಾಮಾನ್ಯ ಚಾಟ್‌ಬಾಟ್ ಕೊಟ್ಟರು. ಕೆಲವರಿಗೆ ಉತ್ತರ ಹೇಳದೆ ಸುಳಿವು ಮಾತ್ರ ಕೊಡುವಂತೆ ಟೀಚರುಗಳ ಸಹಾಯದಿಂದ ತಯಾರು ಮಾಡಿದ್ದು ಕೊಟ್ಟರು. ಇನ್ನು ಕೆಲವರಿಗೆ ಏನೂ ಇಲ್ಲ, ಪುಸ್ತಕ ಮತ್ತು ನೋಟ್ಸ್ ಅಷ್ಟೇ. ಅಭ್ಯಾಸ ಮಾಡುವಾಗ ಸಾಮಾನ್ಯ ಚಾಟ್‌ಬಾಟ್ ಇದ್ದವರು ಏನೂ ಇಲ್ಲದವರಿಗಿಂತ ಶೇ. 48ರಷ್ಟು ಚೆನ್ನಾಗಿ ಮಾಡಿದರು, ಸುಳಿವಿನದು ಇದ್ದವರು ಶೇ. 127ರಷ್ಟು. ಆಮೇಲೆ ಎಲ್ಲವನ್ನೂ ತೆಗೆದು ಪರೀಕ್ಷೆ ಕೊಟ್ಟರು. ಸಾಮಾನ್ಯ ಚಾಟ್‌ಬಾಟ್ ಬಳಸಿದ್ದವರು, ಮೊದಲಿನಿಂದಲೂ ಏನೂ ಇಲ್ಲದವರಿಗಿಂತ ಶೇ. 17ರಷ್ಟು ಹಿಂದೆ ಬಿದ್ದರು. ಸುಳಿವಿನದು ಬಳಸಿದವರಿಗೆ ಆ ಪೆಟ್ಟು ಬೀಳಲಿಲ್ಲ. ನನ್ನನ್ನು ಜಾಸ್ತಿ ಕಾಡಿದ್ದು ಇನ್ನೊಂದು ಸಂಗತಿ. ಹಿಂದೆ ಬಿದ್ದ ಮಕ್ಕಳಿಗೆ ತಾವು ಹಿಂದೆ ಬಿದ್ದಿದ್ದೇವೆ ಅಂತ ಅನಿಸಿಯೇ ಇರಲಿಲ್ಲ. ನಿಮಗೂ ಹಾಗೇ ಆಗಿದೆ. ಅಸೈನ್‌ಮೆಂಟ್ ಮಾರ್ಕ್ಸ್ ನೋಡಿ ಎಲ್ಲ ಸರಿ ಇದೆ ಅಂದುಕೊಂಡಿದ್ದಿರಿ.

ಹಾಗಾಗಿ ಬಿಡಬೇಡಿ, ಬಳಸುವ ಹೊತ್ತು ಬದಲಾಯಿಸಿ. ಮೊದಲು ಕಾಗದ, ಪೆನ್ನು. ಕನಿಷ್ಠ ಹದಿನೈದು ನಿಮಿಷ. ನಿಂತು ಹೋದರೆ ಎಲ್ಲಿ ನಿಂತೆ ಅಂತ ಒಂದು ಸಾಲು ಬರೆಯಿರಿ, 'ಲಾಗ್ ಅನ್ನು ಇಂಟಿಗ್ರೇಟ್ ಮಾಡಿದ ಮೇಲೆ ಅದೇ ಮತ್ತೆ ಬಂತು' ಅಂತ. ಆ ಸಾಲನ್ನು ಎಐಗೆ ಕೊಡಿ. 'ಉತ್ತರ ಬೇಡ, ನಾನು ಎಲ್ಲಿ ನೋಡಬೇಕು ಅಷ್ಟು ಹೇಳು' ಅನ್ನಿ. ಲೆಕ್ಕ ಮುಗಿದ ಮೇಲೆ ಎರಡು ದಿನ ಬಿಟ್ಟು ಅದೇ ಲೆಕ್ಕವನ್ನು ಖಾಲಿ ಹಾಳೆಯಲ್ಲಿ ಇನ್ನೊಂದು ಸಲ ಮಾಡಿ. ನೋಟ್ಸ್ ನೀಟಾಗಿ ಬರೆಯುವ ಸಮಯವನ್ನು ಇದಕ್ಕೆ ಕೊಡಿ.

ಟರ್ಮಿನಲ್:

ಮೇಷ್ಟ್ರ ಮಾತಿಗೆ ಅರ್ಧ ಒಪ್ಪಿಗೆ ಇದೆ, ಅರ್ಧ ಇಲ್ಲ. ನಾನು ಸಾಫ್ಟ್‌ವೇರ್ ಕೆಲಸ ಮಾಡುವವನು. ಇಡೀ ದಿನ ಎಐ ಪಕ್ಕದಲ್ಲೇ ಇರುತ್ತದೆ. ಈಗ ಕೋಡ್ ಕಲಿಯುತ್ತಿರುವ ಹುಡುಗರಿಗೆ ಪ್ರತಿ ಎರರ್ ಬಂದಾಗಲೂ ಅರ್ಧ ಗಂಟೆ ಕೂತು ಒದ್ದಾಡು ಅಂತ ಹೇಳಿದರೆ ಅವರು ಕಲಿಯುವುದಿಲ್ಲ, ಕಲಿಕೆಯನ್ನೇ ಬಿಟ್ಟು ಹೋಗುತ್ತಾರೆ. ನಾನು ಕಲಿಯುವಾಗ ಒಂದು ಸೆಮಿಕೋಲನ್ ಬಿಟ್ಟಿದ್ದಕ್ಕೆ ಒಂದು ರಾತ್ರಿ ಕಳೆದಿದ್ದೇನೆ. ಅದರಿಂದ ನನಗೆ ಏನೂ ಬರಲಿಲ್ಲ. ಕೆಲವು ಕಷ್ಟ ಸುಮ್ನೆ ಕಷ್ಟ ಅಷ್ಟೇ, ಅದು ಹೋದರೆ ಒಳ್ಳೆಯದೇ.

ಬಿಡಿಸಿದ ಲೆಕ್ಕ ಓದುವುದು ದಂಡ ಅಂತಲೂ ನಾನು ಒಪ್ಪುವುದಿಲ್ಲ. ಜಾನ್ ಸ್ವೆಲ್ಲರ್ ಅನ್ನುವವರು 1980ರ ದಶಕದಲ್ಲೇ ಇದರ ಮೇಲೆ ತುಂಬಾ ಕೆಲಸ ಮಾಡಿದ್ದಾರೆ. ಒಂದು ವಿಷಯಕ್ಕೆ ಹೊಸಬರಾದವರಿಗೆ ಸೀದಾ ಲೆಕ್ಕ ಕೊಟ್ಟು ಬಿಡಿಸು ಅನ್ನುವುದಕ್ಕಿಂತ, ಬಿಡಿಸಿದ್ದನ್ನು ತೋರಿಸಿದರೆ ಬೇಗ ಕಲಿಯುತ್ತಾರೆ ಅಂತ ಅವರ ಪ್ರಯೋಗಗಳಲ್ಲಿ ಕಂಡಿದೆ. ಏನೂ ಗೊತ್ತಿಲ್ಲದವನು ಹದಿನೈದು ನಿಮಿಷ ಖಾಲಿ ಹಾಳೆ ನೋಡಿದರೆ ಹದಿನೈದು ನಿಮಿಷ ಹೋಗುತ್ತೆ, ಅಷ್ಟೇ ಅಲ್ವಾ?

ಕ್ಯಾಲ್ಕುಲೇಟರ್ ಬಂದಾಗಲೂ ಇದೇ ಭಯ ಇತ್ತು. ಈಗ ದೊಡ್ಡ ಭಾಗಾಕಾರ ಯಾರು ಕೈಯಲ್ಲಿ ಮಾಡುತ್ತಾರೆ? ಇನ್ನು ಯು ಆರಿಸುವುದಕ್ಕೆ ಐಲೇಟ್ ಅಂತ ಒಂದು ಸೂತ್ರ ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ಇನ್ವರ್ಸ್, ಲಾಗ್, ಆಲ್ಜಿಬ್ರಾ, ಟ್ರಿಗ್, ಎಕ್ಸ್‌ಪೊನೆನ್ಶಿಯಲ್, ಈ ಕ್ರಮದಲ್ಲಿ ಯಾವುದು ಮೊದಲು ಬರುತ್ತೋ ಅದೇ ಯು. ಲಾಗ್ ಎರಡನೆಯದು, ಎಕ್ಸ್ ಮೂರನೆಯದು. ಅಲ್ಲಿಗೆ ಮುಗಿಯಿತು.

ಹಳೇ ಚಾಕ್‌ಪೀಸು:

ಸ್ವೆಲ್ಲರ್ ವಿಷಯ ನೀವು ಎತ್ತಿದ್ದು ಒಳ್ಳೆಯದಾಯಿತು, ನಾನು ಅದನ್ನು ಬಿಟ್ಟಿದ್ದು ತಪ್ಪು. ಹೊಸ ಪಾಠಕ್ಕೆ ಮೊದಲ ಎರಡು ಮೂರು ಲೆಕ್ಕ ಬಿಡಿಸಿದ್ದನ್ನೇ ನೋಡಬೇಕು. ನಾನೂ ಬೋರ್ಡಿನ ಮೇಲೆ ಅದನ್ನೇ ಮಾಡುವುದು. ಆದರೆ ಮೂರನೆಯದರಲ್ಲಿ ಕೊನೆಯ ಸಾಲು ಬಿಡುತ್ತೇನೆ, ನಾಲ್ಕನೆಯದರಲ್ಲಿ ಕೊನೆಯ ಎರಡು ಸಾಲು, ಹೀಗೇ ಹಿಂದಕ್ಕೆ ಬರುತ್ತಾ ಬರುತ್ತಾ ಕೊನೆಗೆ ಪ್ರಶ್ನೆ ಮಾತ್ರ ಉಳಿಯುತ್ತದೆ. ಎಐ ಹತ್ತನೇ ಲೆಕ್ಕವನ್ನೂ ಮೊದಲನೆಯದರ ಹಾಗೇ ಪೂರ್ತಿ ಬಿಡಿಸಿ ಕೊಡುತ್ತದೆ, ನೀವಾಗಿ ಬೇಡ ಅನ್ನುವವರೆಗೂ. ತೊಂದರೆ ಇರುವುದು ಅಲ್ಲಿ.

ಕ್ಯಾಲ್ಕುಲೇಟರ್ ಮಾತು ನಾನು ತುಂಬಾ ಸಲ ಕೇಳಿದ್ದೇನೆ. ಕ್ಯಾಲ್ಕುಲೇಟರಿಗೆ ಏನು ಒತ್ತಬೇಕು ಅಂತ ಯೋಚನೆ ಮಾಡುವವರು ನೀವು. ಗುಣಿಸಬೇಕಾ, ಭಾಗಿಸಬೇಕಾ ಅನ್ನುವುದು ನಿಮ್ಮ ತಲೆಯಲ್ಲೇ ಆಗಬೇಕು. ಎಐಗೆ ಲೆಕ್ಕದ ಫೋಟೋ ಹಾಕಿದರೆ ಆ ಯೋಚನೆಯೂ ಅದರದ್ದೇ. ಇನ್ನೊಂದು, ಕ್ಯಾಲ್ಕುಲೇಟರ್ ಒಂದೇ ಲೆಕ್ಕಕ್ಕೆ ಇವತ್ತು ಒಂದು, ನಾಳೆ ಒಂದು ಉತ್ತರ ಕೊಡುವುದಿಲ್ಲ. ಎಐ ಒಳಗೆ ಇರುವುದು ಭಾಷೆಯ ಮಾದರಿ, ಮುಂದಿನ ತುಣುಕು ಯಾವುದು ಬರಬಹುದು ಅಂತ ಊಹಿಸುತ್ತಾ ಹೋಗುತ್ತದೆ. ತಪ್ಪು ಹೆಜ್ಜೆಯನ್ನೂ ಸರಿಯಾದದ್ದರಷ್ಟೇ ಧೈರ್ಯದಿಂದ ಬರೆಯುತ್ತದೆ. ಒಂದು ಸಲ ಪರೀಕ್ಷೆ ಮಾಡಿ ನೋಡಿ. ಸರಿಯಾಗಿಯೇ ಇರುವ ಒಂದು ಸಾಲನ್ನು ತೋರಿಸಿ 'ಇದು ತಪ್ಪು ಅಲ್ವಾ' ಅನ್ನಿ. ಎಷ್ಟೋ ಸಲ ಹೌದು ಅಂದುಬಿಡುತ್ತದೆ. ಅದು ತಪ್ಪಿದಾಗ ಹಿಡಿಯಬೇಕಾದರೆ ನಿಮಗೆ ಗೊತ್ತಿರಬೇಕು.

ಐಲೇಟ್ ಬಾಯಿಪಾಠ ಇರಲಿ, ನಾನೂ ಹೇಳಿಕೊಡುತ್ತೇನೆ. ಆದರೆ ಲಾಗ್ ಯಾಕೆ ಮೊದಲು ಅಂತ ಒಂದು ಸಲ ಕೇಳಿಕೊಳ್ಳಿ. ಲಾಗ್ ಅನ್ನು ಡಿಫರೆನ್ಶಿಯೇಟ್ ಮಾಡಿದರೆ ಒನ್ ಬೈ ಎಕ್ಸ್ ಆಗುತ್ತೆ, ಲಾಗೇ ಮಾಯವಾಗುತ್ತೆ. ಎಕ್ಸ್ ಜೊತೆ ಸೇರಿ ಲೆಕ್ಕ ಸಣ್ಣದಾಗುತ್ತೆ. ಇದು ಗೊತ್ತಿದ್ದವರಿಗೆ ಸೂತ್ರ ಮರೆತರೂ ನಡೆಯುತ್ತದೆ.

ಇನ್ನೊಂದು ಅಧ್ಯಯನ ಹೇಳಿ ಮುಗಿಸುತ್ತೇನೆ. 2011ರಲ್ಲಿ ಕರ್ಟ್ ವ್ಯಾನ್‌ಲೆನ್ ಅನ್ನುವವರು ಅಷ್ಟುಹೊತ್ತಿಗೆ ಬಂದಿದ್ದ ಕಂಪ್ಯೂಟರ್ ಟ್ಯೂಟರ್‌ಗಳ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದರು. ಇದು ಈಗಿನ ಚಾಟ್‌ಬಾಟ್‌ಗಳಿಗಿಂತ ತುಂಬಾ ಮೊದಲು. ಟ್ಯೂಟರ್ ಇಲ್ಲದೆ ಕಲಿತವರಿಗೆ ಹೋಲಿಸಿ ಲಾಭವನ್ನು ಎಫೆಕ್ಟ್ ಸೈಜ್ ಅನ್ನುವ ಅಳತೆಯಲ್ಲಿ ಲೆಕ್ಕ ಹಾಕಿದರು, ಅಂಕಿ ದೊಡ್ಡದಾದಷ್ಟೂ ಲಾಭ ಜಾಸ್ತಿ. ಕೊನೆಯ ಉತ್ತರ ಸರಿಯಾ ತಪ್ಪಾ ಅಂತ ಮಾತ್ರ ಹೇಳುವ ಟ್ಯೂಟರ್‌ಗಳಿಂದ ಆದ ಲಾಭ 0.31. ವಿದ್ಯಾರ್ಥಿಯ ಒಂದೊಂದು ಹೆಜ್ಜೆಯನ್ನೂ ನೋಡಿ ಅಲ್ಲೇ ತಿದ್ದುವಂಥವುಗಳಿಂದ 0.76. ಮನುಷ್ಯರೇ ಪಕ್ಕದಲ್ಲಿ ಕೂತು ಹೇಳಿಕೊಟ್ಟರೆ 0.79. ಅಂದರೆ ಹೆಜ್ಜೆ ನೋಡಿ ತಿದ್ದುವ ಯಂತ್ರ ಮನುಷ್ಯರ ಹತ್ತಿರ ಹತ್ತಿರ ಬಂದಿತ್ತು. ಆದರೆ ಆ ಹೆಜ್ಜೆ ಇಡುತ್ತಿದ್ದದ್ದು ವಿದ್ಯಾರ್ಥಿ. ಯಂತ್ರ ನೋಡುತ್ತಿತ್ತು.

ಕಿವಿಓದು:

ಈ ಚರ್ಚೆಯಲ್ಲಿ ನನ್ನಂಥವರ ಮಾತೂ ಇರಲಿ ಅಂತ ಬರೆಯುತ್ತಿದ್ದೇನೆ. ನನಗೆ ಕಣ್ಣು ಕಾಣುವುದಿಲ್ಲ. ಈ ಥ್ರೆಡ್ಡನ್ನು ಎನ್‌ವಿಡಿಎ ಅನ್ನುವ ಉಚಿತ ಸ್ಕ್ರೀನ್ ರೀಡರ್‌ನಲ್ಲಿ ಕೇಳಿಸಿಕೊಂಡೆ. ಅರ್ಥಶಾಸ್ತ್ರ ಓದುತ್ತಿದ್ದೇನೆ.

'ಕಷ್ಟಪಡಬೇಕು, ಆಗಲೇ ಕಲಿಕೆ' ಅನ್ನುವಾಗ ಯಾವ ಕಷ್ಟ ಅಂತ ಕೇಳಬೇಕು. ಮೊದಲು ನನ್ನ ಪುಸ್ತಕದಲ್ಲಿ ಒಂದು ಗ್ರಾಫ್ ಬಂದರೆ ಸ್ಕ್ರೀನ್ ರೀಡರ್ 'ಚಿತ್ರ' ಅಂತ ಹೇಳಿ ಮುಂದೆ ಹೋಗುತ್ತಿತ್ತು. ಬೇಡಿಕೆಯ ರೇಖೆ ಎಡಗಡೆ ಮೇಲಿನಿಂದ ಬಲಗಡೆ ಕೆಳಗೆ ಇಳಿಯುತ್ತೆ ಅಂತ ಗೊತ್ತಾಗಬೇಕಾದರೆ ಯಾರಾದರೂ ಬಿಡುವಾಗಿ ಸಿಗುವವರೆಗೆ ಕಾಯಬೇಕಿತ್ತು. ಅವರಿಗೂ ಬೇರೆ ಕೆಲಸ ಇರುತ್ತೆ, ಎರಡು ಸಲ ಕೇಳುವುದಕ್ಕೆ ಸಂಕೋಚ ಆಗುತ್ತಿತ್ತು. ಎಷ್ಟೋ ಗ್ರಾಫುಗಳನ್ನು ಕೇಳದೇ ಬಿಟ್ಟಿದ್ದೇನೆ. ಈಗ ಫೋಟೋ ಕೊಟ್ಟರೆ ಎಐ ವಿವರಿಸುತ್ತದೆ. ಏಳು ಸಲ ಕೇಳಿದರೂ ಏಳು ಸಲ ಹೇಳುತ್ತದೆ. ನನ್ನ ಮಟ್ಟಿಗೆ ಇದು ಸಣ್ಣ ವಿಷಯ ಅಲ್ಲ. ರಾತ್ರಿ ಹನ್ನೊಂದು ಗಂಟೆಗೆ ಒಬ್ಬಳೇ ಕೂತು ಒಂದು ಅಧ್ಯಾಯವನ್ನು ಮೊದಲಿನಿಂದ ಕೊನೆಯವರೆಗೆ ಓದಿ ಮುಗಿಸಿದ್ದು ನನ್ನ ಜೀವನದಲ್ಲಿ ಮೊದಲ ಸಲ ಈಗ ಆಗಿದೆ.

ಒಂದು ಸಲ ಮೋಸವೂ ಆಯಿತು. ಒಂದು ಗ್ರಾಫಿನಲ್ಲಿ ಎರಡು ರೇಖೆ ಕೂಡುವ ಜಾಗದಲ್ಲಿ ಬೆಲೆ 40 ಅಂತ ಹೇಳಿತು. ಕೆಳಗಿನ ಪಠ್ಯದಲ್ಲಿ ಅದೇ ಉದಾಹರಣೆಗೆ 30 ಅಂತ ಇತ್ತು. ಗೆರೆ ನೋಡಿ ಪಕ್ಕದ ಅಂಕಿ ಓದಿಬಿಟ್ಟಿರಬೇಕು. ಕಣ್ಣು ಕಾಣುವವರಿಗೆ ಅದು ತಕ್ಷಣ ಗೊತ್ತಾಗುತ್ತೆ, ನನಗೆ ಗೊತ್ತಾಗುವುದು ಲೆಕ್ಕ ಹಾಕಿದರೆ ಮಾತ್ರ. ಅವತ್ತಿನಿಂದ ಗ್ರಾಫಿನ ವಿವರಣೆ ಕೇಳುವ ಮೊದಲೇ ಸಮೀಕರಣದಿಂದ ನಾನೇ ಎರಡು ಬಿಂದು ಲೆಕ್ಕ ಹಾಕಿ ಇಟ್ಟುಕೊಳ್ಳುತ್ತೇನೆ. ಆಮೇಲೆ ಅದು ಹೇಳಿದ್ದನ್ನು ತಾಳೆ ನೋಡುತ್ತೇನೆ. ಆಶ್ಚರ್ಯ ಅಂದರೆ, ಹೀಗೆ ಮಾಡಲು ಶುರು ಮಾಡಿದ ಮೇಲೆ ಗ್ರಾಫ್ ತಲೆಯಲ್ಲಿ ಉಳಿಯುತ್ತಿದೆ. ಮೇಷ್ಟ್ರು ಹೇಳಿದ್ದು ಇದನ್ನೇ ಅನಿಸುತ್ತೆ.

ನೀಲಿಶಾಯಿ ಅವರೇ, ಬಿಡಬೇಡಿ. ಬಾಗಿಲು ತೆಗೆಯುವುದಕ್ಕೆ ಇಟ್ಟುಕೊಳ್ಳಿ, ಒಳಗೆ ನೀವೇ ನಡೆಯಿರಿ.

ಎರಡನೇ ಕರಡು:

ನನ್ನದು ಬೇರೆ ಕಡೆಯ ಅನುಭವ. ನಾನು ಬರೆದ ಪ್ರಬಂಧವನ್ನು ಒಂದು ಎಐ ಪತ್ತೆ ಸಾಫ್ಟ್‌ವೇರಿಗೆ ಹಾಕಿ, ಇದು ನೀನು ಬರೆದಿದ್ದಲ್ಲ ಅಂತ ಹೇಳಿದರು. ಯಾವ ಕಾಲೇಜು ಅಂತ ಹೇಳುವುದಿಲ್ಲ. ಮೂರು ವಾರ ಕೂತು ಬರೆದಿದ್ದೆ. ಇಂಗ್ಲಿಷ್ ನನ್ನ ಮನೆಮಾತಲ್ಲ, ಆದ್ದರಿಂದ ಸಣ್ಣ ಸಣ್ಣ ಸಾಲು, ಗೊತ್ತಿರುವ ಪದಗಳನ್ನೇ ಬಳಸಿದ್ದೆ. ಅದೇ ನನಗೆ ಮುಳುವಾಯಿತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ಓದಿ ತಿಳಿದುಕೊಂಡೆ. ಚಾಟ್‌ಜಿಪಿಟಿ ಹೊರಬಂದಿದ್ದು 2022ರ ನವೆಂಬರ್ 30ಕ್ಕೆ. ಅದನ್ನು ಮಾಡಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಒಂದು ಪತ್ತೆ ಸಾಧನ ಬಿಟ್ಟಿತ್ತು. ಎಐ ಬರೆದ ಬರಹಗಳಲ್ಲಿ ಅದು ಹಿಡಿಯುತ್ತಿದ್ದದ್ದು ಶೇ. 26 ಮಾತ್ರ, ಮನುಷ್ಯರು ಬರೆದ ಶೇ. 9ನ್ನು ಎಐ ಬರೆದಿದ್ದು ಅನ್ನುತ್ತಿತ್ತು ಅಂತ ಕಂಪನಿಯೇ ಹೇಳಿಕೊಂಡಿತ್ತು. ಅದೇ ವರ್ಷ ಜುಲೈನಲ್ಲಿ ಅದನ್ನು ನಿಲ್ಲಿಸಿದರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2023ರಲ್ಲಿ ಇಂಥ ಏಳು ಸಾಧನಗಳನ್ನು ಪರೀಕ್ಷೆ ಮಾಡಿದರು. ಇಂಗ್ಲಿಷ್ ಮನೆಮಾತಲ್ಲದವರು ಟೋಫೆಲ್ ಪರೀಕ್ಷೆಗೆ ಬರೆದ 91 ಪ್ರಬಂಧ ಕೊಟ್ಟರೆ, ಸರಾಸರಿ ಅರ್ಧಕ್ಕಿಂತ ಜಾಸ್ತಿ ಪ್ರಬಂಧಗಳನ್ನು ಎಐ ಬರೆದಿದ್ದು ಅಂತ ತಪ್ಪಾಗಿ ಹೇಳಿದವು. ಇದನ್ನೆಲ್ಲ ಪ್ರಿಂಟ್ ತೆಗೆದುಕೊಂಡು ಹೋಗಿ ತೋರಿಸಿದೆ.

ನನ್ನನ್ನು ಉಳಿಸಿದ್ದು ಮಾತ್ರ ಅದಲ್ಲ, ನನ್ನ ಕರಡುಗಳು. ಗೂಗಲ್ ಡಾಕ್ಸಿನಲ್ಲಿ ಬರೆದಿದ್ದರಿಂದ ಯಾವ ದಿನ ಏನು ಸೇರಿಸಿದೆ, ಏನು ಅಳಿಸಿದೆ ಅಂತ ವರ್ಶನ್ ಹಿಸ್ಟರಿಯಲ್ಲಿ ಎಲ್ಲಾ ಇತ್ತು. ಮೇಡಂ ನನ್ನನ್ನು ಎದುರಿಗೆ ಕೂರಿಸಿಕೊಂಡು, ಮೂರನೇ ಪ್ಯಾರಾ ಯಾಕೆ ತೆಗೆದು ಮತ್ತೆ ಹಾಕಿದೆ ಅಂತ ಕೇಳಿದರು. ಹೇಳಿದೆ. ಹತ್ತು ನಿಮಿಷದಲ್ಲಿ ವಿಷಯ ಮುಗಿಯಿತು. ಈಗ ಆ ಮೇಡಂ ಎಲ್ಲರಿಗೂ ಹಾಗೇ ಮಾಡುತ್ತಾರೆ, ಪ್ರಬಂಧ ಕೊಟ್ಟ ಮೇಲೆ ಹತ್ತು ನಿಮಿಷ ಕೂರಿಸಿ ಮಾತಾಡಿಸುತ್ತಾರೆ. ಎಐ ಬಳಸಿದೆಯಾ ಅಂತ ಕೇಳುವುದಿಲ್ಲ. ಈ ಸಾಲು ಇಲ್ಲಿ ಯಾಕೆ ಇದೆ ಅಂತ ಕೇಳುತ್ತಾರೆ. ನಮಗೆಲ್ಲ ಆ ಹತ್ತು ನಿಮಿಷದ ಭಯ ಇದೆ, ಆದರೆ ನಾನು ಅತಿ ಹೆಚ್ಚು ಕಲಿಯುವುದೂ ಅದರಲ್ಲೇ.

ನೀಲಿಶಾಯಿ, ನೀವು ನೀಟಾದ ನೋಟ್ಸ್ ಮಾತ್ರ ಇಟ್ಟುಕೊಳ್ಳುತ್ತೀರಿ ಅನಿಸುತ್ತೆ. ಹೊಡೆದು ಹಾಕಿದ ಹಾಳೆಗಳನ್ನೂ ಎಸೆಯಬೇಡಿ. ನೀವು ಏನು ಯೋಚನೆ ಮಾಡಿದಿರಿ ಅನ್ನುವುದು ಆ ಹಾಳೆಯಲ್ಲಿ ಮಾತ್ರ ಇರುತ್ತೆ.

ಟರ್ಮಿನಲ್:

ಒಂದು ಸಣ್ಣ ಸೇರ್ಪಡೆ. 2025ರ ಜುಲೈನಲ್ಲಿ ಚಾಟ್‌ಜಿಪಿಟಿಗೆ ಸ್ಟಡಿ ಮೋಡ್ ಅಂತ ಬಂದಿದೆ. ಉತ್ತರ ಸೀದಾ ಕೊಡದೆ ಪ್ರಶ್ನೆ ಕೇಳುತ್ತಾ ಹೋಗುತ್ತದೆ. ಬೇರೆ ಕಂಪನಿಗಳದ್ದರಲ್ಲೂ ಇಂಥದ್ದು ಇದೆ. ಆದರೆ ಬೇಡ ಅನಿಸಿದಾಗ ಅದನ್ನು ಆಫ್ ಮಾಡುವುದು ಒಂದು ಕ್ಲಿಕ್ಕಿನ ಕೆಲಸ. ಟೆಸ್ಟ್ ಹಿಂದಿನ ರಾತ್ರಿ ಆಫ್ ಮಾಡದೆ ಇರುವವರಿಗೆ ಉಪಯೋಗ ಆಗುತ್ತೆ.

ಮೇಷ್ಟ್ರೇ, ಕ್ಯಾಲ್ಕುಲೇಟರ್ ಬಗ್ಗೆ ನೀವು ಹೇಳಿದ್ದನ್ನು ಒಪ್ಪುತ್ತೇನೆ. ನನ್ನ ಕೆಲಸದಲ್ಲೂ ಹಾಗೇ ಇದೆ ಅಂತ ಬರೆದ ಮೇಲೆ ಹೊಳೆಯಿತು. ಎಐ ಕೊಟ್ಟ ಕೋಡ್ ತಪ್ಪು ಅಂತ ನನಗೆ ಗೊತ್ತಾಗುವುದು ಹಿಂದೆ ನಾನು ಅಂಥದ್ದೇ ತಪ್ಪು ಮಾಡಿ ಪೆಟ್ಟು ತಿಂದಿರುವುದರಿಂದ. ಹೊಸ ಹುಡುಗರಿಗೆ ಆ ಪೆಟ್ಟು ಎಲ್ಲಿ ಸಿಗಬೇಕು ಅಂತ ನನಗೆ ನಿಜವಾಗಿಯೂ ಉತ್ತರ ಇಲ್ಲ.

ನೀಲಿಶಾಯಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹತ್ತು ದಿನ ಆಯಿತು, ಏನಾಯಿತು ಅಂತ ಹೇಳಬೇಕು ಅನಿಸಿತು.

ಮೊದಲು ಮಾಡಿದ ಕೆಲಸ, ಟೆಸ್ಟಿನ ಆ ಲೆಕ್ಕವನ್ನು ನನ್ನ ತಪ್ಪು ದಾರಿಯಲ್ಲೇ ಮತ್ತೆ ಮಾಡಿದ್ದು. ಸರ್ ಹೇಳಿದ ಹಾಗೆ ಎಡಗಡೆಗೆ ತಂದೆ. ಉತ್ತರ ಬಂತು. ಎರಡು ಸಾಲು ಬಾಕಿ ಇತ್ತು ಅನ್ನುವುದನ್ನು ನೋಡಿ ಹೊಟ್ಟೆ ಉರಿಯಿತು, ಆದರೆ ಧೈರ್ಯವೂ ಬಂತು.

ಮೊದಲ ನಾಲ್ಕು ದಿನ ತುಂಬಾ ಕಷ್ಟ ಆಯಿತು, ಅದನ್ನು ಮುಚ್ಚಿಡುವುದಿಲ್ಲ. ಫೋನನ್ನು ಪಕ್ಕದ ಕೋಣೆಯಲ್ಲಿ ಇಟ್ಟು ಕೂರುತ್ತಿದ್ದೆ. ಐದು ನಿಮಿಷಕ್ಕೇ ಎದ್ದು ಹೋಗಬೇಕು ಅನಿಸುತ್ತಿತ್ತು. ಮೊದಲು ದಿನಕ್ಕೆ ಹದಿನೈದು ಲೆಕ್ಕ 'ಮುಗಿಸುತ್ತಿದ್ದೆ', ಈಗ ನಾಲ್ಕು ಆಗುತ್ತೆ. ಎಐಗೆ ಈಗ ಕೇಳುವ ರೀತಿ ಬೇರೆ. 'ನನ್ನ ಮೂರನೇ ಸಾಲು ನೋಡು, ಎಲ್ಲಿ ತಪ್ಪಿದೆ ಅಂತ ಹೇಳಬೇಡ, ತಪ್ಪಿದೆಯಾ ಇಲ್ವಾ ಅಷ್ಟೇ ಹೇಳು' ಅಂತ ಕೇಳುತ್ತೇನೆ. ಒಂದು ಸಲ ಇಲ್ಲದ ತಪ್ಪನ್ನು ಇದೆ ಅಂತ ಹೇಳಿತು. ನಾನು ಡಿಫರೆನ್ಶಿಯೇಟ್ ಮಾಡಿ ತಾಳೆ ನೋಡಿದೆ, ನನ್ನದೇ ಸರಿ ಇತ್ತು. ಮೊದಲಾಗಿದ್ದರೆ ನನ್ನದನ್ನು ಹೊಡೆದು ಹಾಕುತ್ತಿದ್ದೆ.

ಹಾಳೆಗಳನ್ನು ಎಸೆಯುತ್ತಿಲ್ಲ. ಒಂದು ಫೈಲಿಗೆ ಹಾಕಿದ್ದೇನೆ.

ಸರ್, ಇದೇ ತರಹ ಇನ್ನೊಂದು ಲೆಕ್ಕ ಕೊಡುತ್ತೀರಾ?

ಹಳೇ ಚಾಕ್‌ಪೀಸು:

ಇ ಪವರ್ ಎಕ್ಸ್ ಇಂಟು ಕಾಸ್ ಎಕ್ಸ್. ಇದರಲ್ಲಿ ಯಾವುದನ್ನು ಯು ತೆಗೆದುಕೊಂಡರೂ ನಡೆಯುತ್ತದೆ. ಎರಡು ಸಲ ಬೈ ಪಾರ್ಟ್ಸ್ ಮಾಡಬೇಕು. ನಡುವೆ ಒಂದು ಹಳ್ಳ ಇದೆ, ಎಲ್ಲಿ ಅಂತ ಹೇಳುವುದಿಲ್ಲ. ಬಿದ್ದರೆ ಬಂದು ಹೇಳಿ.

ನೀಲಿಶಾಯಿ:

ಬಿದ್ದೆ ಸರ್! ಮೊದಲ ಸಲ ಕಾಸ್ ಅನ್ನು ಯು ಮಾಡಿದೆ. ಎರಡನೇ ಸಲ ಇ ಪವರ್ ಎಕ್ಸ್ ಅನ್ನು ಯು ಮಾಡಿದೆ. ಕೊಟ್ಟ ಇಂಟಿಗ್ರಲ್ಲನ್ನು ಐ ಅಂತ ಇಟ್ಟುಕೊಂಡಿದ್ದೆ, ಎಲ್ಲಾ ಕ್ಯಾನ್ಸಲ್ ಆಗಿ ಐ ಸಮ ಐ ಅಂತ ಬಂತು. ಶುರು ಮಾಡಿದ ಜಾಗಕ್ಕೇ ವಾಪಸ್. ನಲವತ್ತು ನಿಮಿಷ ಆಯಿತು, ಫೋನ್ ಮುಟ್ಟಲಿಲ್ಲ. ಆಮೇಲೆ ಗೊತ್ತಾಯಿತು, ಎರಡನೇ ಸಲ ಅದಲು ಬದಲು ಮಾಡಿದ್ದರಿಂದ ಹೋದ ದಾರಿಯಲ್ಲೇ ಹಿಂದಕ್ಕೆ ಬಂದಿದ್ದೇನೆ. ಎರಡನೇ ಸಲವೂ ಇ ಪವರ್ ಎಕ್ಸ್ ಅನ್ನೇ ಇಂಟಿಗ್ರೇಟ್ ಮಾಡಿದೆ. ಮೈನಸ್ ಐ ಬಂತು, ಎಡಗಡೆಗೆ ತಂದೆ. ಇ ಪವರ್ ಎಕ್ಸ್ ಬೈ 2, ಇಂಟು ಕಾಸ್ ಎಕ್ಸ್ ಪ್ಲಸ್ ಸೈನ್ ಎಕ್ಸ್. ಡಿಫರೆನ್ಶಿಯೇಟ್ ಮಾಡಿ ನೋಡಿದೆ, ಸರಿ ಇದೆ. ನಾಳಿದ್ದು ಖಾಲಿ ಹಾಳೆಯಲ್ಲಿ ಇನ್ನೊಂದು ಸಲ ಮಾಡುತ್ತೇನೆ.